ಹಿಂದೆ ಉಳಿದವನ ಸೈಕಲ್

(ಗೆಜ್ಜಲಗೆರೆಯ ಮಸೀದಿಯಲ್ಲಿ ಜುಮಾ ಖುತ್ಬಾಕ್ಕೆ ಮುಂಚೆ ಮಾಡಿದ ಕನ್ನಡ ಬಯಾನ್‌ನ ಸಾರಾಂಶ)



ಬರುವ ಭಾನುವಾರ ನಮ್ಮ ಮದ್ರಸಾದ ಮಕ್ಕಳು ಮತ್ತು ಕಾಲೇಜಿನ ಹುಡುಗರು ಸೈಕಲ್‌ನಲ್ಲಿ ಕೊಕ್ಕರೆಬೆಳ್ಳೂರಿಗೆ ಹೊರಟಿದ್ದಾರೆ. ರಮಝಾನ್ ಬರುವ ಮುಂಚೆ ಮುಗಿಸಬೇಕೆಂದು ಈ ದಿನ ಗೊತ್ತು ಮಾಡಿದ್ದೇವೆ. ಹೊಗೆ ಇಲ್ಲದೆ, ಪೆಟ್ರೋಲ್ ಇಲ್ಲದೆ, ಪ್ಲಾಸ್ಟಿಕ್ ಇಲ್ಲದೆ ಒಂದು ದಿನ ಹೋಗಿ ಅಲ್ಲಾಹನ ಸೃಷ್ಟಿಯನ್ನು ನೋಡಿ ಬರುವುದು ಉದ್ದೇಶ. ಸೈಕಲ್ ಹೊಡೆಯುವುದಕ್ಕೆ ಜುಮಾ ಬಯಾನ್ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಳೆದ ವರ್ಷ ನಾನು ಈ ಮಾತು ಹೇಳದೇ ಹೋಗಿದ್ದೆ. ಅದರ ಫಲ ನೋಡಿದ್ದೇನೆ.

ಏನಾಯಿತು ಎಂದು ಹೇಳುತ್ತೇನೆ. ಆ ಹುಡುಗನ ಹೆಸರು ಹೇಳುವುದಿಲ್ಲ, ಅವನ ಅಬ್ಬಾನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಕಳೆದ ಸಲವೂ ಇದೇ ಊರಿಗೆ ಹೋಗಿದ್ದೆವು. ಕೆಲವರ ಬಳಿ ಗೇರ್ ಸೈಕಲ್. ಇವನ ಬಳಿ ಇದ್ದದ್ದು ಅವನ ಆಪಾಗೆ ಎಂಟನೇ ತರಗತಿಯಲ್ಲಿ ಶಾಲೆಯಿಂದ ಸಿಕ್ಕಿದ್ದ ಸರ್ಕಾರಿ ಸೈಕಲ್. ಮದ್ದೂರು ದಾಟುವವರೆಗೆ ಎಲ್ಲರೂ ಜೊತೆಯಲ್ಲಿದ್ದರು. ಊಟದ ಡಬ್ಬಗಳನ್ನು ಸ್ಕೂಟರ್ ಮೇಲೆ ಇಟ್ಟುಕೊಂಡು ನಾನು ಮುಂದೆ ಹೋದೆ. ಗೇರ್ ಸೈಕಲ್‌ನವರಿಗೆ ಪೈಪೋಟಿ ಹತ್ತಿತು. ರುದ್ರಾಕ್ಷಿಪುರದ ಬಳಿ ಬಲಕ್ಕೆ ತಿರುಗಿ ಒಳಗೆ ಹನ್ನೆರಡು ಹದಿಮೂರು ಕಿಲೋಮೀಟರ್ ಹೋಗಬೇಕು. ಊರು ತಲುಪಿ ಎಣಿಸಿದರೆ ಒಬ್ಬ ಕಡಿಮೆ.

ವಾಪಸ್ ಬಂದು ಹುಡುಕಿದೆ. ದಾರಿಯಲ್ಲಿ ಒಂದು ಮನೆಯ ಜಗುಲಿಯ ಮೇಲೆ ಕುಳಿತಿದ್ದ. ಚೈನ್ ಕಳಚಿ ಸಿಕ್ಕಿಕೊಂಡಿತ್ತು. ಆ ಮನೆಯ ಯಜಮಾನರು ಕಬ್ಬು ಕಡಿಸುವ ಕೆಲಸ ಬಿಟ್ಟು ಬಂದು ಚೈನ್ ಹಾಕಿ ಕೊಟ್ಟಿದ್ದರು, ಅವರ ಕೈ ಎಲ್ಲಾ ಗ್ರೀಸು. ಅವರ ಮನೆಯ ತಾಯಿ ಹುಡುಗನಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿದ್ದರು. ಯಜಮಾನರು ನನಗೆ ಒಂದೇ ಮಾತು ಹೇಳಿದರು: "ಏನ್ ಸಾಬ್ರೇ, ಐಕ್ಳ ಎಣಿಸ್ಕಂಡು ಬರಾದಲ್ವಾ?" ನನ್ನ ಬಳಿ ಉತ್ತರ ಇರಲಿಲ್ಲ. ಇವತ್ತೂ ಇಲ್ಲ. ಮುಂದೆ ಹೋದ ಹುಡುಗರನ್ನು ಕೇಳಿದರೆ, "ಅವ್ನ ಸೈಕಲ್ಲೇ ಸರಿ ಇಲ್ಲ ಹಝ್ರತ್" ಎಂದರು.

ತಪ್ಪು ಮೊದಲು ನನ್ನದು. ಮೂವರು ಪ್ರಯಾಣ ಹೊರಟರೂ ತಮ್ಮಲ್ಲಿ ಒಬ್ಬನನ್ನು ಅಮೀರ್ ಮಾಡಿಕೊಳ್ಳಬೇಕೆಂದು ಪ್ರವಾದಿ(ಸ) ಕಲಿಸಿದ್ದಾರೆ, ಅಬೂದಾವೂದ್‌ನಲ್ಲಿ ಈ ಹದೀಸ್ ಇದೆ. ನಾನು ಅಮೀರ್ ಆಗಿದ್ದೆ. ಅಮೀರ್ ಎಲ್ಲಿರಬೇಕು? ಝಂಡಾ ಹಿಡಿದು ಮುಂದೆ ಎಂದು ನಾವು ತಿಳಿದಿದ್ದೇವೆ. ಜಾಬಿರ್(ರ) ಹೇಳುವಂತೆ ಪ್ರವಾದಿ(ಸ) ಪ್ರಯಾಣದಲ್ಲಿ ಹಿಂದೆ ಉಳಿಯುತ್ತಿದ್ದರು. ನಿಧಾನವಾಗಿ ಬರುವ ದುರ್ಬಲನ ಪ್ರಾಣಿಯನ್ನು ಮುಂದಕ್ಕೆ ಸಾಗಿಸುತ್ತಿದ್ದರು, ಕೆಲವರನ್ನು ತಮ್ಮ ಬೆನ್ನ ಹಿಂದೆ ಕೂರಿಸಿಕೊಳ್ಳುತ್ತಿದ್ದರು, ಅವರಿಗಾಗಿ ದುಆ ಮಾಡುತ್ತಿದ್ದರು. ಇಡೀ ಸೈನ್ಯದ ನಾಯಕರು, ಅಲ್ಲಾಹನ ರಸೂಲರು, ಕೊನೆಯ ಸಾಲಿನಲ್ಲಿ! ನಾನು ಡಬ್ಬ ತೆಗೆದುಕೊಂಡು ಮೊದಲು ಹೋಗಿದ್ದೆ.

ಬದ್ರ್‌ಗೆ ಹೊರಟಾಗ ಒಂಟೆಗಳು ಕಡಿಮೆ ಇದ್ದವು, ಮೂವರಿಗೆ ಒಂದು ಒಂಟೆ. ಪ್ರವಾದಿ(ಸ), ಅಲೀ(ರ), ಅಬೂ ಲುಬಾಬಾ(ರ) ಒಂದೇ ಒಂಟೆಯ ಪಾಲುದಾರರು. ಪ್ರವಾದಿಯವರು ನಡೆಯುವ ಸರದಿ ಬಂದಾಗ ಉಳಿದಿಬ್ಬರು, ತಾವು ನಡೆಯುತ್ತೇವೆ, ನೀವು ಕುಳಿತಿರಿ ಎಂದರು. ನೀವು ನನಗಿಂತ ಗಟ್ಟಿಗರೂ ಅಲ್ಲ, ಪುಣ್ಯ ಬೇಡವೆನ್ನುವಷ್ಟು ನಾನು ನಿಶ್ಚಿಂತನೂ ಅಲ್ಲ ಎಂಬರ್ಥದ ಉತ್ತರ ಕೊಟ್ಟು ಇಳಿದು ನಡೆದರು. ಆದ್ದರಿಂದ ಈ ಸಲ ಮೊದಲ ನಿಯಮ ಇದು. ಗೇರ್ ಸೈಕಲ್ ಇರುವವರು ಸರದಿಯ ಮೇಲೆ ಅದನ್ನು ಬೇರೆಯವರಿಗೆ ಕೊಡಬೇಕು, ತಾವು ಅವರ ಹಳೆಯ ಸೈಕಲ್ ತುಳಿಯಬೇಕು. ಕೊಡಲು ಮನಸ್ಸಿಲ್ಲದವರು ಬರುವುದು ಬೇಡ. ಕಟುವಾಗಿ ಹೇಳುತ್ತಿದ್ದೇನೆ ಎಂದು ಗೊತ್ತಿದೆ. ಆ ಸೈಕಲ್‌ಗೆ ಇಪ್ಪತ್ತು ಸಾವಿರ ಕೊಟ್ಟ ಅಬ್ಬಾಗಳು ನನ್ನ ಮೇಲೆ ಮುನಿಸಿಕೊಳ್ಳಬಹುದು. ಆದರೆ ಒಬ್ಬರ ಹಿಂದೆ ಒಬ್ಬರು, ಎಲ್ಲರಿಗಿಂತ ನಿಧಾನದವನ ವೇಗವೇ ನಮ್ಮ ವೇಗ. ಯಾರ ಚೈನ್ ಕಳಚಿದರೂ ಎಲ್ಲರೂ ಕಾಲು ಕೆಳಗಿಡಬೇಕು.

ಇನ್ನು ರಸ್ತೆ. 2023ರ ಮಾರ್ಚ್ 12ರಂದು ಪ್ರಧಾನಿಯವರು ಬೆಂಗಳೂರು–ಮೈಸೂರು ದಶಪಥವನ್ನು ಉದ್ಘಾಟಿಸಿದ್ದು ನಮ್ಮ ಗೆಜ್ಜಲಗೆರೆಯಲ್ಲೇ. 118 ಕಿಲೋಮೀಟರ್ ರಸ್ತೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್, ಮೋಟಾರ್ ಇಲ್ಲದ ವಾಹನ ಯಾವುದೂ ಅದರ ಮುಖ್ಯ ರಸ್ತೆಗೆ ಹತ್ತುವಂತಿಲ್ಲ ಎಂದಾಯಿತು. ಸೈಕಲ್‌ಗೂ ಅದು ಅನ್ವಯ. "ಐದೇ ನಿಮಿಷ ಹಝ್ರತ್, ಒಂದು ರೀಲ್ಸ್" ಎಂದು ಕಳೆದ ಸಲ ಇಬ್ಬರು ಕೇಳಿದ್ದರು. ಮಕ್ಕಳೇ, ನಿಮ್ಮ ರೀಲ್ಸ್ ನೋಡುವವರು ಸಾವಿರ ಜನ ಇರಬಹುದು, ಮನೆಯಲ್ಲಿ ಬಾಗಿಲ ಬಳಿ ಕಾಯುವ ಅಮ್ಮಿ ಒಬ್ಬಳೇ. ಕಾನೂನು ಪಾಲಿಸುವುದು ಮಾತು ಕೊಟ್ಟಂತೆ, ಕೊಟ್ಟ ಮಾತು ಉಳಿಸುವುದು ಈಮಾನ್‌ನ ಭಾಗ. ಸರ್ವೀಸ್ ರಸ್ತೆ ಮತ್ತು ಹಳೆಯ ಊರ ರಸ್ತೆ ಮಾತ್ರ. ಈಗ ಕಬ್ಬಿನ ಟ್ರ್ಯಾಕ್ಟರ್‌ಗಳು ಓಡಾಡುವ ಕಾಲ, ಅವುಗಳ ಪಕ್ಕ ನುಗ್ಗುವುದು ಬೇಡ, ಹಿಂದಿನ ಟ್ರಾಲಿ ಹಿಡಿದು ಜೋತು ಬೀಳುವುದಂತೂ ಬೇಡವೇ ಬೇಡ. ನಾಲೆ ಇರಲಿ, ಶಿಂಷಾ ಇರಲಿ, ಯಾರೂ ನೀರಿಗೆ ಇಳಿಯುವಂತಿಲ್ಲ. ಇದರಲ್ಲಿ ಚರ್ಚೆ ಇಲ್ಲ.

ದಾರಿಗೂ ಹಕ್ಕಿದೆ. ದಾರಿಯಲ್ಲಿದ್ದ ಮುಳ್ಳಿನ ಕೊಂಬೆಯನ್ನು ಪಕ್ಕಕ್ಕೆ ಸರಿಸಿದ ಒಬ್ಬ ಮನುಷ್ಯನ ಪಾಪ ಕ್ಷಮಿಸಲ್ಪಟ್ಟಿತು ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮುಳ್ಳು ಎತ್ತಿದವನಿಗೆ ಕ್ಷಮೆ ಇದ್ದರೆ, ಬಿಸ್ಕತ್ ಪ್ಯಾಕೆಟ್ ಬಿಸಾಡಿದವನ ಲೆಕ್ಕ ಏನು? ನೀವೇ ಯೋಚಿಸಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಆದರೂ ನಮ್ಮ ಮದುವೆಗಳಲ್ಲಿ ಬರುತ್ತಿವೆ, ಆ ಮಾತು ಇನ್ನೊಂದು ಜುಮಾಕ್ಕೆ ಇರಲಿ. ಭಾನುವಾರ ಊಟ ಬಾಳೆ ಎಲೆಯಲ್ಲಿ. ಪ್ರತಿಯೊಬ್ಬರೂ ಮನೆಯಿಂದ ಒಂದು ಸ್ಟೀಲ್ ಲೋಟ, ಒಂದು ನೀರಿನ ಬಾಟಲಿ ತರಬೇಕು. ಬಾಯಾರಿದರೆ ಮದ್ದೂರಿನಲ್ಲಿ ಎಳನೀರು ಕುಡಿಯೋಣ. ಮದ್ದೂರಿನ ಎಳನೀರು ಲಾರಿಗಟ್ಟಲೆ ಹೊರ ರಾಜ್ಯಗಳಿಗೆ ಹೋಗುತ್ತದೆ, ಇಲ್ಲೇ ಹುಟ್ಟಿದ ನಮ್ಮ ಹುಡುಗರು ಬಣ್ಣದ ಬಾಟಲಿ ಕುಡಿಯುತ್ತಾರೆ!

ಬಡಿಸುವ, ಎಲೆ ಎತ್ತುವ, ಪಾತ್ರೆ ತೊಳೆಯುವ ಕೆಲಸ ಯಾರದು? ಒಂದು ಪ್ರಯಾಣದಲ್ಲಿ ಕೆಲವು ಸಹಾಬಿಗಳು ಉಪವಾಸ ಇದ್ದರು, ಬಿಸಿಲಿಗೆ ಸುಸ್ತಾಗಿ ಬಿದ್ದರು. ಉಪವಾಸ ಇಲ್ಲದವರು ಎದ್ದು ಡೇರೆ ಹಾಕಿದರು, ಪ್ರಾಣಿಗಳಿಗೆ ನೀರು ಕುಡಿಸಿದರು. ಅಂದಿನ ಪುಣ್ಯವನ್ನು ಕೆಲಸ ಮಾಡಿದವರೇ ಕೊಂಡುಹೋದರು ಎಂದು ಪ್ರವಾದಿ(ಸ) ಹೇಳಿದರು. ಚಿಕ್ಕವರು, ಬಡವರ ಮಕ್ಕಳು ಕೆಲಸ ಮಾಡಲಿ, ನಾವು ಫೋಟೋ ತೆಗೆಯುತ್ತೇವೆ ಎನ್ನುವವರು ಇದನ್ನು ಕೇಳಿಸಿಕೊಳ್ಳಲಿ.

ಝುಹರ್ ದಾರಿಯಲ್ಲೇ ಬರುತ್ತದೆ. ಇಷ್ಟು ದೂರಕ್ಕೆ ಮುಸಾಫಿರ್ ಆಗುವುದಿಲ್ಲ, ಪೂರ್ತಿ ನಾಲ್ಕು ರಕಅತ್. ಯಾರದೇ ತೋಟದ ನೆರಳಾದರೂ ಒಪ್ಪಿಗೆ ಕೇಳದೆ ಸಾಲು ನಿಲ್ಲಬಾರದು. ಹರಿಯುವ ನದಿಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದು ಎಂಬ ಶಿಕ್ಷಣ ನಮ್ಮದು. ಕಾವೇರಿ ನೀರಿಗಾಗಿ ಹೆದ್ದಾರಿಯಲ್ಲಿ ಕುಳಿತು ಹೋರಾಡುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈಗ ನಾವು ಹೋಗುವ ಊರಿನ ಮಾತು. ಕೊಕ್ಕರೆಬೆಳ್ಳೂರಿನಲ್ಲಿ ಹಕ್ಕಿಗಳು ಕಾಡಿನಲ್ಲಿಲ್ಲ, ಊರೊಳಗೇ ಇವೆ. ಮನೆಗಳ ಪಕ್ಕದ ಹುಣಸೆ, ಅತ್ತಿ, ಅರಳಿ ಮರಗಳ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಅರಣ್ಯ ಇಲಾಖೆಯ ಎಸ್.ಜಿ. ನೇಗಿನಹಾಳರು 1976ರಲ್ಲಿ ಇದನ್ನು ಹೊರಗಿನವರ ಗಮನಕ್ಕೆ ತಂದರು, 2007ರಲ್ಲಿ ಸರ್ಕಾರ ಸಮುದಾಯ ಮೀಸಲು ಪ್ರದೇಶ ಎಂದು ಘೋಷಿಸಿತು. ಅದಕ್ಕೂ ಎಷ್ಟೋ ಹಿಂದಿನಿಂದ ಊರಿನವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳಂತೆ ಕಂಡಿದ್ದಾರೆ. ಗೂಡು ಕಟ್ಟಿದ ಮರದ ಹುಣಸೆ ಹಣ್ಣಿನ ಮೇಲೆ ಆಸೆ ಬಿಟ್ಟಿದ್ದಾರೆ, ಅದಕ್ಕೆ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದೆ. ಅಂಗಳದಲ್ಲಿ ಹಿಕ್ಕೆ, ಮೀನಿನ ವಾಸನೆ, ಇಡೀ ದಿನ ಗದ್ದಲ. ನಮ್ಮ ಮನೆಯ ಮುಂದೆ ಆಗಿದ್ದರೆ ನಾವು ಏನು ಮಾಡುತ್ತಿದ್ದೆವು?

ಒಂದು ಪ್ರಯಾಣದಲ್ಲಿ ಕೆಲವರು ಒಂದು ಪುಟ್ಟ ಹಕ್ಕಿಯ ಎರಡು ಮರಿಗಳನ್ನು ಹಿಡಿದುಕೊಂಡರು. ತಾಯಿ ಹಕ್ಕಿ ಬಂದು ರೆಕ್ಕೆ ಬಡಿಯುತ್ತಾ ಸುತ್ತಿತು. ಪ್ರವಾದಿ(ಸ) ಬಂದು ನೋಡಿ, ಮರಿಗಳ ವಿಷಯದಲ್ಲಿ ಇದನ್ನು ನೋಯಿಸಿದವರು ಯಾರು ಎಂದು ಕೇಳಿ, ಮರಿಗಳನ್ನು ತಾಯಿಗೆ ಹಿಂದಿರುಗಿಸಲು ಆಜ್ಞಾಪಿಸಿದರು. ಇಬ್ನು ಮಸ್ಊದ್(ರ) ಇದನ್ನು ವರದಿ ಮಾಡಿದ್ದಾರೆ. ಕುರ್‌ಆನ್‌ನ ಅಲ್‌ಅನ್‌ಆಮ್ ಅಧ್ಯಾಯದಲ್ಲಿ ಅಲ್ಲಾಹನು ರೆಕ್ಕೆಗಳಿಂದ ಹಾರುವ ಹಕ್ಕಿಗಳನ್ನೂ ನಮ್ಮಂತೆಯೇ ಸಮುದಾಯಗಳು ಎಂದು ಕರೆದಿದ್ದಾನೆ. ಆದ್ದರಿಂದ ಊರಿನ ಗಡಿಯಲ್ಲೇ ಸೈಕಲ್ ಇಳಿದು ತಳ್ಳಿಕೊಂಡು ಹೋಗಬೇಕು. ಸ್ಪೀಕರ್ ಬೇಡ, ನಾತ್ ಕೂಡ ಬೇಡ. ಗೂಡಿನ ಮರದ ಕೆಳಗೆ ನುಗ್ಗಿ ಚಪ್ಪಾಳೆ ತಟ್ಟಿ ಹಾರಿಸಿದರೆ ಮರಿ ಕೆಳಗೆ ಬೀಳುತ್ತದೆ. ಬಿದ್ದ ಮರಿ ಕಂಡರೆ ಮುಟ್ಟದೆ ಊರಿನವರಿಗೆ ತಿಳಿಸಿ, ನೋಡಿಕೊಳ್ಳುವವರು ಅಲ್ಲಿದ್ದಾರೆ.

ಟೋಪಿ ಹಾಕಿದ ಇಪ್ಪತ್ತು ಹುಡುಗರು ಒಟ್ಟಿಗೆ ಒಂದು ಹಳ್ಳಿಗೆ ಬಂದಾಗ ಜನ ನಿಂತು ನೋಡುತ್ತಾರೆ. ಅವರು ನಿಮ್ಮ ಹೆಸರು ನೆನಪಿಟ್ಟುಕೊಳ್ಳುವುದಿಲ್ಲ. ನೀವು ಬಿಟ್ಟು ಹೋದ ಕಸ ಅಥವಾ ನೀವು ಹೇಳಿದ ನಮಸ್ಕಾರ ನೆನಪಿರುತ್ತದೆ. ಕಳೆದ ಸಲ ನಮ್ಮ ಹುಡುಗನಿಗೆ ಮುದ್ದೆ ಬಡಿಸಿದ ಆ ಮನೆಗೆ ಈ ಸಲ ಎಲ್ಲರೂ ಹೋಗಿ ಸೈಕಲ್ ನಿಲ್ಲಿಸಿ ಮಾತಾಡಿಸಿ ಬರೋಣ. ಮನೆಗಳಿಂದ ತಾಯಂದಿರು ಏನಾದರೂ ಸಿಹಿ ಮಾಡಿ ಕಳಿಸಿದರೆ ಕೊಟ್ಟು ಬರುತ್ತೇವೆ.

ಪಟ್ಟಿಯಲ್ಲಿ ಈಗ ಇಪ್ಪತ್ತೊಂದು ಹೆಸರುಗಳಿವೆ. ಅವನ ಹೆಸರಿಲ್ಲ. ಮೊನ್ನೆ ಮಗ್ರಿಬ್ ಆದ ಮೇಲೆ ಕೇಳಿದೆ. "ನಾನು ಬಂದ್ರೆ ಅವ್ರಿಗೆಲ್ಲಾ ಲೇಟ್ ಆಗುತ್ತೆ ಹಝ್ರತ್" ಎಂದ. ಹನ್ನೆರಡು ವರ್ಷದ ಹುಡುಗ. ಒಂದು ವರ್ಷದಿಂದ ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆ. ನಾನು ಕರೆದರೆ ಬರುವುದಿಲ್ಲ, ನಾನು ಕರೆದರೆ ಸಾಲದು ಕೂಡ. ಅವನನ್ನು ಬಿಟ್ಟು ಹೋದವರು ಯಾರು ಎಂದು ನಿಮಗೆ ಗೊತ್ತಿದೆ. ಇವತ್ತು ಅಸರ್ ಮುಗಿದ ಮೇಲೆ ಅವನ ಮನೆಗೆ ಹೋಗಿ.

ಭಾನುವಾರ ಫಜ್ರ್ ನಮಾಝ್ ಆದ ಕೂಡಲೇ ಮಸೀದಿ ಮುಂದೆ ಸೇರಬೇಕು. ಶನಿವಾರ ಸಂಜೆಯೊಳಗೆ ಬ್ರೇಕ್, ಚೈನ್, ಗಾಳಿ ನೋಡಿಸಿಕೊಳ್ಳಿ. ಪಂಪು, ಪಂಕ್ಚರ್ ಸಾಮಾನು ಇರುವವರು ತನ್ನಿ. ಡಬ್ಬಗಳನ್ನು ಬೇರೊಬ್ಬರು ಆಟೋದಲ್ಲಿ ತರುತ್ತಾರೆ. ಈ ಸಲ ನನ್ನದೂ ಸೈಕಲ್, ಎಲ್ಲರಿಗಿಂತ ಹಿಂದೆ.