ಅಪಾಯವನ್ನು ಅಳೆಯುವುದು ಹೇಗೆ?



ಕಾರವಾರದ ಅಥವಾ ಅಂಕೋಲೆಯ ಬಸ್ ನಿಲ್ದಾಣದಲ್ಲಿ ತನ್ನಷ್ಟಕ್ಕೆ ಮಾತನಾಡಿಕೊಳ್ಳುವ ವ್ಯಕ್ತಿಯನ್ನು ಕಂಡರೆ ದೂರ ಸರಿಯುತ್ತೀರಲ್ಲವೇ? ಮನೋರೋಗಿಯೆಂದರೆ ಅಪಾಯಕಾರಿ ಎಂಬ ಊಹೆ ಎಷ್ಟು ನಿಜ?

1966ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದಾಗಿ, ‘ಅಪಾಯಕಾರಿ’ಗಳೆಂದು ನ್ಯೂಯಾರ್ಕ್ ರಾಜ್ಯದಲ್ಲಿ ಬಿಗಿ ಕಾವಲಿನಲ್ಲಿದ್ದ 900ಕ್ಕೂ ಹೆಚ್ಚು ರೋಗಿಗಳನ್ನು ಸಾಮಾನ್ಯ ಮಾನಸಿಕ ಆಸ್ಪತ್ರೆಗಳಿಗೆ ಕಳುಹಿಸಲಾಯಿತು. ಮುಂದಿನ ನಾಲ್ಕು ವರ್ಷಗಳಲ್ಲಿ ಐವರಲ್ಲಿ ಸುಮಾರು ನಾಲ್ವರು ಯಾರ ಮೇಲೂ ಕೈಮಾಡಲಿಲ್ಲ!

ಹೀಗಾಗಿ ಊಹೆಗೆ ಬದಲಾಗಿ ಕ್ರಮಬದ್ಧ ಪರಿಶೀಲನೆ ಬಂದಿತು. 1995ರಲ್ಲಿ ಕೆನಡಾದಲ್ಲಿ ರೂಪುಗೊಂಡ ಎಚ್‌ಸಿಆರ್-20 ಎಂಬ ವಿಧಾನವು 20 ಅಂಶಗಳನ್ನು ನೋಡುತ್ತದೆ. ಗತಜೀವನದವು 10, ಈಗಿನ ಮನಃಸ್ಥಿತಿಯವು 5, ಮುಂದಿನ ಪರಿಸ್ಥಿತಿಯವು 5.

ಕಾರವಾರದ ಮೀನುಗಾರರು ದೋಣಿ ಇಳಿಸುವ ಮುನ್ನ ಗಾಳಿ, ಮೋಡ, ಅಲೆ ಎಲ್ಲವನ್ನೂ ನೋಡುತ್ತಾರೆ. ಇಂದಿನ ಕಡಲು ನಾಳೆ ಇರದು. ಮನುಷ್ಯನಲ್ಲಿಯೂ ಅಪಾಯ ಬದಲಾಗುತ್ತದೆ. ಕುಡಿತ ಬಿಟ್ಟರೆ, ಚಿಕಿತ್ಸೆ ಮುಂದುವರಿದರೆ, ಆಸರೆ ಸಿಕ್ಕರೆ ತಗ್ಗಬಲ್ಲದು. ಅದನ್ನು ತಗ್ಗಿಸುವ ದಾರಿ ಹುಡುಕುವುದೇ ಈ ಪರಿಶೀಲನೆಯ ಉದ್ದೇಶ.

ಆದರೂ ಇಂತಹ ವಿಧಾನಗಳಿಗೆ ಮಿತಿಯಿದೆ. 24,827 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ 2012ರ ಅಧ್ಯಯನದಲ್ಲಿ, ಹಿಂಸೆಗಿಳಿಯಬಹುದೆಂದು ಗುರುತಿಸಲಾದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹಿಂಸೆಗಿಳಿದಿರಲಿಲ್ಲ.

ತಜ್ಞರೇ ಇಷ್ಟು ಎಚ್ಚರದಿಂದ ನುಡಿಯುವಾಗ, ಬಸ್ ನಿಲ್ದಾಣದ ಒಂದು ನೋಟದಲ್ಲಿ ನಾವು ತೀರ್ಪು ಕೊಡಬಹುದೇ? ಯೋಚಿಸಿರಿ.