ಯಂತ್ರ ಹೋದ ಮೇಲೆ ಆಟ ಉಳಿಸುವುದು



ವಿಡಿಯೊ ಗೇಮಿನ ಮೇಲೆ ದತ್ತಿ ಉಪನ್ಯಾಸವೇ ಎಂದು ಕೆಲವರು ಕೇಳಿದ್ದಾರೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರಿಗೆ ಉತ್ತರ ಕೊಡುವುದು ಸುಲಭ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈಯವರು, ನೆಲಸಮವಾಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕಾಪು ಕಡೆಯ ಕುಂಜೂರು ಚೌಕಿ ಮನೆ, ಕಾರ್ಕಳ ಕಡೆಯ ಮಿಯಾರು ಮನೆ ಎರಡೂ ಅಲ್ಲಿವೆ. ಅವರ ಕೈಗೆ ಮರ ಸಿಕ್ಕಿತ್ತು, ಕಂಬ ಸಿಕ್ಕಿತ್ತು. ನಾನು ಹೇಳಹೊರಟ ಕೆಲಸದಲ್ಲಿ ಮರವನ್ನೂ ಕಂಬವನ್ನೂ ಅಲ್ಲೇ ಬಿಟ್ಟು, ಆ ಮನೆಯಲ್ಲಿ ಗಾಳಿ ಬೆಳಕು ಹೇಗೆ ಓಡಾಡುತ್ತಿತ್ತೋ ಅದನ್ನಷ್ಟೇ ಹೊತ್ತು ತರಬೇಕು. ಎಮ್ಯುಲೇಟರ್ ಮಾಡುವುದು ಇದನ್ನೇ.

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರದ ಒಳಗೆ ಒಂದು ಬೋರ್ಡು, ಅದರಲ್ಲಿ ಒಂದು ಪ್ರೊಸೆಸರು, ಆಟವನ್ನು ಬರೆದಿಟ್ಟ ಕೆಲವು ರೋಮ್ ಚಿಪ್ಪುಗಳು. ಮನೆಯ ಕಂಪ್ಯೂಟರಿಗೆ ಆ ಪ್ರೊಸೆಸರಿನ ಭಾಷೆ ಬರುವುದಿಲ್ಲ. ಎಮ್ಯುಲೇಟರು ನಡುವೆ ನಿಂತು ರೋಮಿನಿಂದ ಒಂದೊಂದೇ ಆಜ್ಞೆ ಓದುತ್ತದೆ, ಹಳೆಯ ಪ್ರೊಸೆಸರು ಇದ್ದಿದ್ದರೆ ಏನು ಮಾಡುತ್ತಿತ್ತೋ ಅಷ್ಟನ್ನೇ, ಅಷ್ಟೇ ಹೊತ್ತಿನಲ್ಲಿ ಮಾಡಿ ತೋರಿಸುತ್ತದೆ. ಈ ‘ಅಷ್ಟೇ ಹೊತ್ತಿನಲ್ಲಿ’ ಎಂಬಲ್ಲಿಯೇ ಕಷ್ಟವೆಲ್ಲ ಇರುವುದು.

1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ಮಾಡಿದ ಸ್ಪೇಸ್ ಇನ್ವೇಡರ್ಸ್ ನೋಡಿ. ತೆರೆಯ ಮೇಲೆ 55 ಶತ್ರುಗಳು. ಇಂಟೆಲ್ 8080 ಪ್ರೊಸೆಸರಿಗೆ ಅಷ್ಟನ್ನೂ ಒಟ್ಟಿಗೆ ಸರಿಸುವ ತ್ರಾಣವಿಲ್ಲ. ಹಾಗಾಗಿ ಸೆಕೆಂಡಿಗೆ ಸುಮಾರು 60 ಸಲ ಮೂಡುವ ಚಿತ್ರದಲ್ಲಿ ಸಲಕ್ಕೆ ಒಂದನ್ನು ಮಾತ್ರ ಸರಿಸುತ್ತದೆ. ಎಲ್ಲವೂ ಇದ್ದಾಗ ಪಡೆ ಒಂದು ಹೆಜ್ಜೆ ಇಡಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಆಟಗಾರ ಹೊಡೆದುರುಳಿಸಿದ ಹಾಗೆ ಸರದಿ ಬೇಗ ಬೇಗ ಬರುತ್ತದೆ. ಕೊನೆಗೆ ಉಳಿದ ಒಂದು ಹುಚ್ಚೆದ್ದು ಓಡುತ್ತದೆ. ಎದೆ ಹೊಡೆದುಕೊಳ್ಳುವಂತೆ ಮಾಡುವ ಆ ವೇಗ ಹುಟ್ಟಿದ್ದು ಯಂತ್ರದ ಬಡತನದಿಂದ. ನಿಶಿಕಾಡೊ ಅದನ್ನು ಕಂಡು ಹಾಗೆಯೇ ಉಳಿಸಿಕೊಂಡರು. ಇಂದಿನ ಕಂಪ್ಯೂಟರಿನಲ್ಲಿ ಆ ಬಡತನವನ್ನು ಶ್ರದ್ಧೆಯಿಂದ ಮರಳಿ ಕಟ್ಟದಿದ್ದರೆ ಆಟ ಬರುತ್ತದೆ, ಅದರ ಜೀವ ಬರುವುದಿಲ್ಲ.

ಪ್ಯಾಕ್‌ಮ್ಯಾನಿನ 256ನೇ ಹಂತವೂ ಹೀಗೆಯೇ. ಹಂತದ ಲೆಕ್ಕ ಇಡಲು ಎಂಟೇ ಬಿಟ್‌ಗಳ ಜಾಗ. ಲೆಕ್ಕ ತುಂಬಿ ಸೊನ್ನೆಗೆ ಬಂದಾಗ ಹಣ್ಣುಗಳ ಚಿತ್ರ ಬಿಡಿಸುವ ಭಾಗ ತಪ್ಪಿ, ತೆರೆಯ ಬಲ ಅರ್ಧ ಚೆಲ್ಲಾಪಿಲ್ಲಿಯಾಗುತ್ತದೆ. ಒಳ್ಳೆಯ ಎಮ್ಯುಲೇಟರಿನಲ್ಲಿ ಈ ದೋಷವೂ ಚಾಚೂ ತಪ್ಪದೆ ಬರುತ್ತದೆ. ಹಸ್ತಪ್ರತಿ ಸಂಪಾದಿಸಿದ ಉಡುಪಿಯ ಹಿರಿಯರಿಗೆ ಈ ಶಿಸ್ತು ಹೊಸದಲ್ಲ.

ಇಟಲಿಯ ನಿಕೋಲಾ ಸಾಲ್ಮೊರಿಯಾ ‘ಮೇಮ್’ ಎಂಬ ಎಮ್ಯುಲೇಟರನ್ನು 1997ರ ಫೆಬ್ರವರಿ 5ರಂದು ಬಿಡುಗಡೆ ಮಾಡಿದರು. ಹಳೆಯ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವು ಎಂಬುದನ್ನು ದಾಖಲಿಸುವುದೇ ತಮ್ಮ ಗುರಿ, ಆಡಲು ಬರುವುದು ಅದರ ಜೊತೆಗೆ ಸಿಕ್ಕ ಲಾಭ ಎಂದು ಆ ತಂಡ ಹೇಳಿಕೊಂಡು ಬಂದಿದೆ. ನನಗೆ ಅದು ಪೂರ್ತಿ ಒಪ್ಪಿಗೆ.

ದಾಖಲಿಸುವ ತುರ್ತು ಎಷ್ಟೆಂದು ಕ್ಯಾಪ್ಕಾಮ್ ಕಂಪನಿಯ ಸಿಪಿಎಸ್-2 ಬೋರ್ಡು ತೋರಿಸುತ್ತದೆ. 1993ರಿಂದ ಬಂದ ಈ ಬೋರ್ಡುಗಳಲ್ಲಿ ಆಟವನ್ನು ಗೂಢಲಿಪಿಯಲ್ಲಿ ಬರೆದಿದ್ದರು. ಬಿಡಿಸುವ ಕೀಲಿ ಒಂದು ಪುಟ್ಟ ಬ್ಯಾಟರಿಯ ಬಲದಲ್ಲಿ ನೆನಪಿನಲ್ಲಿರುತ್ತಿತ್ತು. ಬ್ಯಾಟರಿ ಇಳಿದರೆ ಕೀಲಿ ಅಳಿಸಿಹೋಗಿ, ಕಾಸು ಕೊಟ್ಟು ಕೊಂಡ ಬೋರ್ಡು ಜಡವಾಗುತ್ತಿತ್ತು. ಉತ್ಸಾಹಿಗಳು ಮೊದಲು ಬದುಕಿದ್ದ ಬೋರ್ಡುಗಳಿಂದ ಬಿಡಿಸಿದ ಪಾಠವನ್ನು ಹೊರತೆಗೆದರು. 2007ರಲ್ಲಿ ಸಾಲ್ಮೊರಿಯಾ ಮತ್ತು ಆಂಡ್ರಿಯಾಸ್ ನೈವ್ ಗೂಢಲಿಪಿಯ ಸೂತ್ರವನ್ನೇ ಭೇದಿಸಿದರು. ಅಷ್ಟು ಹೊತ್ತಿಗೆ ಎಷ್ಟೋ ಬ್ಯಾಟರಿಗಳು ಸತ್ತಿದ್ದವು.

ಕಾನೂನಿನ ಮಾತು ಬಂದೇ ಬರುತ್ತದೆ. ಎಮ್ಯುಲೇಟರ್ ಬರೆಯುವುದು ಒಂದು, ಬೇರೆಯವರ ರೋಮ್ ಹಂಚುವುದು ಇನ್ನೊಂದು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಮು, ಕಾನೂನುಬದ್ಧವಾಗಿ ಪ್ರೋಗ್ರಾಮ್ ಹೊಂದಿದವರು ಅದು ಕಳೆದುಹೋಗದಂತೆ, ಕೆಡದಂತೆ ಕಾಪು ಪ್ರತಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಮಾರುವುದಕ್ಕೆ, ಹಂಚುವುದಕ್ಕೆ ಕೊಡುವುದಿಲ್ಲ. ನಮ್ಮ ಹುಡುಗರು ಇಷ್ಟನ್ನು ತಿಳಿದೇ ಕೈ ಹಾಕಲಿ.

ಇನ್ನು ನಮ್ಮ ಮನೆಯ ವಿಷಯ. ಉಡುಪಿ–ಮಣಿಪಾಲದ ಈ ನೆಲದಲ್ಲಿ ನೆಲೆಸಿದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆ ವಿನ್ಯಾಸ ಕೊಟ್ಟರು. ಇಂದು ಸರ್ಕಾರ ಮಾನ್ಯ ಮಾಡಿರುವ ವಿನ್ಯಾಸಕ್ಕೆ ಅದೇ ಬುನಾದಿ. ಅವರು ಕನ್ನಡ ಬರೆಯಲು ಮಾಡಿದ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. ಆ ಕಾಲದ ಕನ್ನಡ ಪ್ರೋಗ್ರಾಮುಗಳನ್ನು ಇಂದಿನ ಕಂಪ್ಯೂಟರು ನೇರವಾಗಿ ಓಡಿಸುವುದಿಲ್ಲ. ಯೂನಿಕೋಡಿಗೆ ಮೊದಲು ಟೈಪು ಮಾಡಿದ ಕಡತವನ್ನು ಅದರ ಫಾಂಟು ಇಲ್ಲದೆ ತೆರೆದರೆ ಅಕ್ಷರವಿದ್ದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು. ಪ್ಯಾಕ್‌ಮ್ಯಾನಿಗೆ ಜಗತ್ತಿನಾದ್ಯಂತ ಕಾವಲುಗಾರರಿದ್ದಾರೆ. ಹಳೆಯ ಪಿಸಿಗಳ ಡಾಸ್ ವ್ಯವಸ್ಥೆಯ ಆಟಗಳಿಗಾಗಿ ಬಂದ ಡಾಸ್‌ಬಾಕ್ಸ್ ಎಂಬ ಎಮ್ಯುಲೇಟರು ನಮ್ಮ ಹಳೆಯ ಡಾಸ್ ಪ್ರೋಗ್ರಾಮುಗಳಿಗೂ ಆಸರೆಯಾಗಬಲ್ಲದು. ಆದರೆ ಅದರಲ್ಲಿ ಓಡಿಸಲು ಮೂಲ ಕಡತ ಬೇಕು, ಅದನ್ನು ನಾವಲ್ಲದೆ ಇನ್ಯಾರೂ ಕೊಡಲಾರರು.

ಕರಾವಳಿಯ ಮಳೆಗಾಲ ಫ್ಲಾಪಿಗಳಿಗೆ ಒಳ್ಳೆಯದಲ್ಲ. ಒಳಗಿನ ತಟ್ಟೆಗೆ ಬೂಸ್ಟು ಹಿಡಿಯುತ್ತದೆ, ಹಾಗೆಯೇ ಡ್ರೈವಿಗೆ ಹಾಕಿದರೆ ಓದುವ ತಲೆಯೇ ಪದರ ಕೆರೆದು ಹಾಕುತ್ತದೆ. ಪ್ರೆಸ್ಸು, ಡಿ.ಟಿ.ಪಿ. ಅಂಗಡಿ, ಕಾಲೇಜಿನ ಪ್ರಯೋಗಾಲಯ ನಡೆಸಿದವರು ಈ ಸಭೆಯಲ್ಲಿ ಇದ್ದೀರಿ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಕನ್ನಡ ಪ್ರೋಗ್ರಾಮಿನ ಫ್ಲಾಪಿಯಿದ್ದರೆ ಕಂಪ್ಯೂಟರಿಗೆ ಹಾಕಿ ಪರೀಕ್ಷಿಸಬೇಡಿ. ಒಣ ಜಾಗದಲ್ಲಿಡಿ, ಮೇಲಿನ ಚೀಟಿ ಕೀಳಬೇಡಿ, ಯಾವ ಯಂತ್ರದಲ್ಲಿ ಯಾವಾಗ ಬಳಸಿದಿರಿ ಎಂದು ಒಂದು ಕಾಗದದಲ್ಲಿ ಬರೆದು ಜೊತೆಗಿಡಿ. ಶುಚಿಮಾಡಿ ಪ್ರತಿ ತೆಗೆಯುವ ಕೆಲಸವನ್ನು ಮುಂದಿನ ಮಳೆ ಹಿಡಿಯುವ ಮೊದಲು ಶುರುಮಾಡೋಣ.