ಕೋವಿ, ಕಾಡು ಮತ್ತು ವಿನಾಯಿತಿಯ ಹೊಣೆ

(ಹುದಿಕೇರಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಸಾರ)



ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುವ ನಾಡು ನಮ್ಮದು. ಕೊಡವ ನುಡಿಯಲ್ಲಿ ತೋಕ್ ಎಂದರೆ ಕೋವಿ. ಮಳೆಗಾಲದ ಬೇಲಿಯಲ್ಲಿ ಅರಳುವ ಹೂವಿಗೂ ಅದರದೇ ಹೆಸರು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು, ಪುತ್ತರಿಯ ಕದಿರು ಕೊಯ್ಯುವಾಗಲೂ ಗುಂಡು. ಆದ್ದರಿಂದ ಕೋವಿಯನ್ನು ಕುರಿತ ಮಾತು ನಮ್ಮ ಮನೆಯ ಮಾತೇ ಆಗಿದೆ.

1857ರ ದಂಗೆಯ ಬಳಿಕ ಬ್ರಿಟಿಷ್ ಆಡಳಿತ ಜನರನ್ನು ನಿರಾಯುಧಗೊಳಿಸಲು ಹೊರಟಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆ ಕಾಯಿದೆಯಿಂದ ಹೊರಗಿಟ್ಟರು. ರಾಜನಿಷ್ಠೆಗೆ ದೊರೆತ ಬಹುಮಾನ ಅದು. ಸ್ವಾತಂತ್ರ್ಯಾನಂತರ, 1959ರ ಆಯುಧ ಕಾಯಿದೆಯ 41ನೇ ಕಲಮಿನನ್ವಯ 1963ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ನೀಡಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾಗೊಳಿಸಿತು. ಆದರೆ 2019ರ ಅಧಿಸೂಚನೆ ಈ ವಿನಾಯಿತಿಗೆ 2029ರ ಅಕ್ಟೋಬರ್ 31ರ ಗಡುವು ವಿಧಿಸಿದೆ ಎಂಬುದನ್ನು ಮರೆಯಬಾರದು. ಗಡುವುಳ್ಳ ವಿನಾಯಿತಿಯನ್ನು ನಮ್ಮ ನಡತೆಯೇ ಕಾಯಬೇಕು.

ಈ ವಿನಾಯಿತಿ ಕೋವಿ ಇಟ್ಟುಕೊಳ್ಳಲು ಮಾತ್ರ; ಕಾಡಿಗೆ ಅದು ರಹದಾರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮಗೂ ಅನ್ವಯಿಸುತ್ತದೆ. ಗದ್ದೆಗೆ ನುಗ್ಗಿದ ಹಂದಿಯನ್ನು ಕೊಲ್ಲಲು ಸಹ ಅಧಿಕೃತ ಅನುಮತಿ ಬೇಕು. ಪ್ರಾಣಕ್ಕೇ ಕುತ್ತು ಬಂದಾಗ ಸದ್ಭಾವನೆಯಿಂದ ಮಾಡಿದ ಆತ್ಮರಕ್ಷಣೆಯನ್ನಷ್ಟೇ ಕಾಯಿದೆ ಮನ್ನಿಸುತ್ತದೆ.

ರಾತ್ರಿ ತೋಟಕ್ಕೆ ಬಂದ ಆನೆಗೆ ಚರೆಗುಂಡು ಹೊಡೆದರೆ ಅದು ಬೀಳುವುದಿಲ್ಲ. ಗಾಯದ ನೋವು ಹೊತ್ತು ಅದೇ ತೋಟಗಳಲ್ಲಿ ಅಲೆಯುತ್ತದೆ. ಬೆಳಗ್ಗೆ ಅದಕ್ಕೆ ಎದುರಾಗುವವರು ಯಾರು? ಕಾಫಿ ಕೊಯ್ಯಲು ನಡೆದು ಬರುವ ಯರವರು, ಕುರುಬರು. ಅವರ ಕೈಯಲ್ಲಿ ಕೋವಿಯಿಲ್ಲ, ವಿನಾಯಿತಿಯೂ ಇಲ್ಲ. ನಾವು ಹಾರಿಸಿದ ಗುಂಡಿನ ಬೆಲೆಯನ್ನು ಅವರು ತೆರಬೇಕಾಗಿ ಬರುವುದು ಯಾವ ನ್ಯಾಯ?

ಇನ್ನು ಕೋವಿ ರಿಪೇರಿ ಮಾಡುವ ಕುಶಲಕರ್ಮಿಗಳ ವಿಚಾರ. ಒಡೆಯನಿಗೆ ವಿನಾಯಿತಿ ಇದ್ದರೂ, ಕೋವಿ ತಯಾರಿಸುವ ಅಥವಾ ದುರಸ್ತಿ ಮಾಡುವ ವ್ಯಾಪಾರಕ್ಕೆ ಕಾಯಿದೆಯ 5ನೇ ಕಲಮಿನ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಬಲ್ಲ ಕುಶಲಿಯು ಮೊದಲು ಕೋವಿಯಲ್ಲಿ ತೋಟೆಯಿಲ್ಲವೆಂದು ಖಚಿತಪಡಿಸಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು, ಒಳಗೆ ತುಕ್ಕು ತಿಂದ ಗುಳಿಗಳಿವೆಯೇ ಎಂದು ನೋಡುತ್ತಾನೆ. ಕರಿಮದ್ದಿನ ಮಸಿ ತೇವವನ್ನು ಹೀರುತ್ತದೆ; ನಮ್ಮ ಮಳೆಗಾಲದಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರದ ನಳಿಗೆ ಬಲಗುಂದಿ ಹಾರಿಸುವವನ ಮುಖದ ಬಳಿಯೇ ಸಿಡಿಯಬಹುದು. ಅರಿಯದವರಿಂದ ಅಗ್ಗಕ್ಕೆ ಬೆಸುಗೆ ಹಾಕಿಸಿದ ಕೋವಿಯೂ ಅಷ್ಟೇ ಅಪಾಯಕಾರಿ.

ಕೊನೆಯದಾಗಿ ಒಂದು ವಿನಂತಿ. ಮುಂದಿನ ಕೈಲ್ ಮುಹೂರ್ತಕ್ಕೆ ಮುನ್ನ ಪ್ರತಿ ಮನೆಯೂ ಮೂರು ನಿರ್ಧಾರ ಮಾಡಲಿ: ಕೋವಿಯನ್ನು ಯಾರಿಗೂ ಎರವಲು ಕೊಡುವುದಿಲ್ಲ, ಬೇಟೆಗೆ ಒಯ್ಯುವುದಿಲ್ಲ, ತೋಟೆಗಳನ್ನು ಬೇರೆ ಕಡೆ, ಬೀಗದೊಳಗೆ ಇಡುತ್ತೇವೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಕೋವಿಗೆ ವಿನಾಯಿತಿ ಪತ್ರ ಇದೆಯೇ ಎಂದು ಇಂದು ಸಂಜೆ ಹಿರಿಯರನ್ನು ಕೇಳಿರಿ. 2029ರಲ್ಲಿ ನಮ್ಮ ಪರವಾಗಿ ವಾದಿಸಲು ಹಳೆಯ ಶೌರ್ಯದ ಕಥೆ ಸಾಲದು. ಈ ವರ್ಷಗಳಲ್ಲಿ ನಾವು ಹೇಗೆ ನಡೆದುಕೊಂಡೆವು ಎಂಬುದೇ ಸಾಕ್ಷಿಯಾಗಬೇಕು.